ಅತ್ತೆಯ ಹೊಟ್ಟೆಯಲ್ಲಿದ್ದ ಅಕ್ಕ

ನಮ್ಮ ಸೋದರತ್ತೆಯ ಹೊಟ್ಟೆಯೊಳಗೆ ಮೂವತ್ತು ವರ್ಷ ಇನ್ನೊಬ್ಬ ಹೆಂಗಸು ವಾಸವಾಗಿದ್ದಳು. ನಗಬೇಡಿ! ನೀವು ಆ ದನಿ ಕೇಳಿದವರಲ್ಲ. ನಾನು ಕೇಳಿದ್ದೇನೆ, ಹಾಡಹಗಲಲ್ಲೇ ಕೇಳಿದ್ದೇನೆ, ಕೇಳಿ ಚಹಾದ ಬಟ್ಟಲು ಕೆಳಗಿಟ್ಟು ಅಂಗಳಕ್ಕೆ ಓಡಿದ್ದೇನೆ. ಮೊದಲು ಹಳೆಯ ಬಾಗಿಲು ತೆರೆದಂತೆ ಕಿರ್ರ್ ಎನ್ನುತ್ತಿತ್ತು. ಆಮೇಲೆ ಜೋಳ ತುಂಬುವ ಹಗೇವಿನ ತಳದಿಂದ ಯಾರೋ ಮಾತಾಡಿದ ಹಾಗೆ ಉದ್ದನೆಯ ದನಿ. ಅತ್ತೆ ಮಾತ್ರ ಬೆಚ್ಚದೆ, ಸೆರಗು ಸರಿಮಾಡಿಕೊಂಡು ಹೊಟ್ಟೆಗೆ ಉತ್ತರ ಕೊಡುತ್ತಿದ್ದಳು.

“ಹೂಂ, ಕೇಳಸ್ತು ಬಿಡಬೇ. ನಿನ್ನ ಗಂಡನ್ನ ನಾನೇನ ಬೇಡಿ ತಗೊಂಡೆನೇನು?”

ಒಳಗಿದ್ದವಳು ಅತ್ತೆಯ ಒಡಹುಟ್ಟಿದ ಅಕ್ಕ. ನಾನು ಕಂಡವಳಲ್ಲ. ಹೊಳೆಆಲೂರಿಗೆ ಸೊಸೆಯಾಗಿ ಹೋಗಿ, ಮೂರೇ ವರ್ಷಕ್ಕೆ ಬೇನೆ ಬಿದ್ದು ತೀರಿಕೊಂಡಳಂತೆ. ಹಿರಿಯರು ತಂಗಿಯನ್ನೇ ಆಕೆಯ ಗಂಡನಿಗೆ, ಅಂದರೆ ನಮ್ಮ ಮಾವನಿಗೆ, ಕೊಟ್ಟರು. ಸತ್ತವಳ ಹೆಸರಿನ ಪುಟ್ಟ ಬೆಳ್ಳಿ ಮುಖವೊಂದನ್ನು ತಾಳಿಯ ಪಕ್ಕದಲ್ಲೇ ಕಟ್ಟಿಕೊಂಡು ಅತ್ತೆ ಸಂಸಾರ ಶುರುಮಾಡಿದಳು.

ಮಾರ್ನಮಿ ಅಮಾವಾಸ್ಯೆ ಬಂತೆಂದರೆ ಅಕ್ಕನಿಗೆ ಎಡೆ. ಹೊಸ ಸೀರೆ, ಹಸಿರು ಬಳೆ, ತುಪ್ಪ ಸುರಿದ, ಗೋದಿ ಬೆಲ್ಲದ ಮಾದಲಿ. ಎಡೆ ಇಟ್ಟ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿ ಕೂರಬೇಕು, ಸತ್ತವರು ನಿಶ್ಚಿಂತೆಯಿಂದ ಉಣ್ಣಲೆಂದು! ಆಮೇಲೆ ಆ ಎಡೆಯನ್ನು ಎರಡನೆಯ ಹೆಂಡತಿಯೇ ಉಣ್ಣಬೇಕು. ಉಂಡು ಗಂಟೆಯಾಗುವುದರೊಳಗೆ ಹೊಟ್ಟೆ ಉಬ್ಬಿ ದನಿ ಏಳುತ್ತಿತ್ತು. “ಅಕ್ಕ ಬಂದ್ಲು” ಎನ್ನುತ್ತ ಅತ್ತೆ ಗೋಡೆ ಹಿಡಿದು ಹಿತ್ತಲಿಗೆ ನಡೆಯುತ್ತಿದ್ದಳು. ಎರಡು ದಿನ ಹಾಸಿಗೆ. ನಿತ್ರಾಣಕ್ಕೆ ನಮ್ಮ ಕಡೆ ಏನು ಕೊಡುತ್ತಾರೆ? ಹಗುರಾಗಿ ಅರಗಲೆಂದು ಗೋದಿ ರವೆಯ ಸಜ್ಜಕ! ಸಜ್ಜಕ ಉಂಡಳೋ, ಅಕ್ಕ ಮತ್ತೆ ಹಾಜರು.

ಒಮ್ಮೆ ನರಗುಂದದ ಮದುವೆಯೊಂದರಲ್ಲಿ ಚಪಾತಿ ಉಂಡು ಅತ್ತೆಯೂ ನಾನೂ ರೋಣದ ಬಸ್ಸು ಹತ್ತಿದ್ದೆವು. ಊರು ದಾಟುತ್ತಲೇ ದನಿ ಎದ್ದಿತು. ಕಂಡಕ್ಟರ್ ಕಿವಿ ನಿಮಿರಿಸಿದ.

“ಯಾರ್ರೀ ಕುರಿಮರಿ ತಂದಾವ್ರು? ಅದಕ್ಕೂ ತಿಕೀಟ ತಗಸ್ರಿ!”

“ಮರಿ ಅಲ್ಲೋ ತಮ್ಮಾ, ನಮ್ಮಕ್ಕ” ಎಂದಳು ಅತ್ತೆ.

“ಎಲ್ಲದಾರ್ರಿ?”

ಅತ್ತೆ ಹೊಟ್ಟೆ ತೋರಿಸಿದಳು. ರೋಣ ಬರುವವರೆಗೆ ಆತ ನಮ್ಮ ಸೀಟಿನ ಕಡೆ ಸುಳಿಯಲಿಲ್ಲ.

ದರ್ಗಾದ ತಾಯಿತ ಆಯಿತು, ಲಿಂಬೆಹಣ್ಣು ಆಯಿತು, ಊರವರು ಹೇಳಿದ ಬೇರು ನಾರೆಲ್ಲ ಆಯಿತು. ಅಕ್ಕ ಜಪ್ಪಯ್ಯ ಅನ್ನಲಿಲ್ಲ. ಅತ್ತೆ ಮಾತ್ರ ವರ್ಷದಿಂದ ವರ್ಷಕ್ಕೆ ಸವೆದಳು, ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಹೋದ ವರ್ಷ ಒಂದು ದಿನ “ಅಕ್ಕ ಕರಿಯಾಕತ್ತಾಳ” ಎಂದು ತನ್ನ ಸೀರೆಗಳನ್ನು ಓಣಿಯ ಹೆಂಗಸರಿಗೆ ಹಂಚಲು ಕೂತಾಗ ನನಗೆ ನಗು ಬರಲಿಲ್ಲ, ಭಯವಾಯಿತು. ಗಜೇಂದ್ರಗಡದ ಡಾಕ್ಟರರ ಬಳಿ ಎಳೆದುಕೊಂಡು ಹೋದೆ. ಅವರು ರಕ್ತ ತೆಗೆಸಿದರು, ಹೊಟ್ಟೆಯೊಳಗೆ ಕ್ಯಾಮೆರಾ ಬಿಡಿಸಿ ನೋಡಿಸಿದರು.

“ಒಳಗ ಯಾರರ ಕಂಡ್ರೇನ್ರಿ?” ಅತ್ತೆ ಪಿಸುದನಿಯಲ್ಲಿ ಕೇಳಿದಳು.

“ಯಾರೂ ಇಲ್ರಿ ಯವ್ವಾ. ಗೋದಿ ನಿಮಗ ಆಗಿಬರಂಗಿಲ್ಲ. ಅದರಾಗಿನ ಗ್ಲುಟೆನ್ ನಿಮ್ಮ ಕರುಳು ಕೆಡಿಸೈತಿ. ಇನ್ನ ಗೋದಿ ಮುಟ್ಟಬ್ಯಾಡ್ರಿ. ಇದು ರಕ್ತಸಂಬಂಧದಾಗ ಬರ್ತೈತಿ. ನಿಮ್ಮ ಮನ್ಯಾಗ ಮತ್ಯಾರಿಗರ ಹಿಂಗ ಇತ್ತೇನು?”

“ಇಲ್ರಿ” ಎಂದಳು ಅತ್ತೆ. ಎಂದವಳು ಯಾಕೋ ಕೊರಳಿನ ಬೆಳ್ಳಿ ಮುಖವನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು.

ಜೋಳದ ರೊಟ್ಟಿಯ ಸೀಮೆಯಲ್ಲಿ ಗೋದಿ ಬಿಡುವುದೇನು ಮಹಾ ಅಂದಿರಾ? ಅತ್ತೆ ಊಟಕ್ಕೆ ಕರೆದವರ ಮನೆಗಳಲ್ಲಿ ಪೊಲೀಸಿನವಳಾದಳು! ಇಂಗಿನ ಡಬ್ಬಿಯಲ್ಲೂ ಗೋದಿ ಹಿಟ್ಟು ಬೆರೆಸಿರುತ್ತಾರೆಂದು ತಿಳಿದ ಮೇಲಂತೂ ಒಗ್ಗರಣೆಯ ವಾಸನೆ ಬಂದರೆ ಪಂಚನಾಮೆಯೇ. ಆದರೆ ಆರು ತಿಂಗಳಲ್ಲಿ ಕೆನ್ನೆ ತುಂಬಿತು, ಬಳೆ ಮಣಿಕಟ್ಟಿಗೆ ಮರಳಿತು. ದನಿ ಪೂರ್ತಿ ನಿಂತಿತು.

ನಿಂತದ್ದೇ ಹೆಚ್ಚು ಹೆದರಿಕೆ. ನಡುಮಧ್ಯಾಹ್ನ ಆ ಮನೆಯಲ್ಲಿ ಕೂತರೆ ಗಡಿಯಾರದ ಸದ್ದೊಂದೇ. ಅತ್ತೆ ಹೊಟ್ಟೆಯ ಮೇಲೆ ಕೈಯಿಟ್ಟು ಕಾಯುತ್ತ ಕೂತಿರುತ್ತಿದ್ದಳು. “ಅಕ್ಕ ನನ್ನ ಕೂಡ ಮಾತು ಬಿಟ್ಟಾಳ. ಸಿಟ್ಟಾಗ್ಯಾಳೇನೋ.”

ಈ ಸಲದ ಅಮಾವಾಸ್ಯೆಗೆ ಮಾವ ಎಂದಿನಂತೆ ಗೋದಿ ಅಳೆಯಲು ನಿಂತರು. “ನೀ ಉಣಬ್ಯಾಡ, ಆಕಿಗರ ಇಡು. ಮಾದ್ಲಿ ಇಲ್ದ ಎಡಿ ಹ್ಯಾಂಗ ಆಕ್ಕೈತಿ?”

ಅತ್ತೆ ಅವರ ಕೈ ಹಿಡಿದಳು. “ಖರೇ ಹೇಳ್ರಿ. ಅಕ್ಕ ಕಡೀಕ ಏನ ಉಣ್ತಿದ್ಲು?”

ಮಾವ ಸೇರಿನೊಳಗಿನ ಗೋದಿಯನ್ನೇ ನೋಡುತ್ತ ಹೇಳಿದರು: “ಹೊಟ್ಟಿ ಉಬ್ಬತಿತ್ತು. ರೊಟ್ಟಿ ಭಾರ ಆಗ್ತೈತಂತ ಬಿಡಿಸಿ, ಮೂರು ಹೊತ್ತೂ ಸಜ್ಜಕಾನ ಕೊಟ್ವಿ. ಆಕಿ ಬ್ಯಾಡಂತ ಬಾಯಿ ಮುಚ್ಚತಿದ್ಲು. ನಮ್ಮವ್ವ ಬಾಯಿ ಬಿಡಿಸಿ ಬಿಡಿಸಿ ಉಣಸ್ತಿದ್ಲು. ಜೀವ ಉಳೀಲಿ ಅಂತ.”

ಗೋದಿಯ ಸೇರು ಅವರ ಕೈಯಲ್ಲೇ ಉಳಿಯಿತು. ಅತ್ತೆ ಮಾತ್ರ ಸಣ್ಣ ದನಿಯಲ್ಲಿ ಅಂದಳು: “ಸಿಟ್ಟಲ್ಲರಿ ಅದು. ಮೂವತ್ತು ವರ್ಷ ಆಕಿ ನನಗ ಉಣಬ್ಯಾಡ, ಉಣಬ್ಯಾಡ ಅಂತ ಹೇಳಿದ್ಲು.”

ಎಡೆಗೆ ಜೋಳದ ರೊಟ್ಟಿ ಬಡಿದಳು, ನವಣೆ ಅಕ್ಕಿಯ ಪಾಯಸ ಮಾಡಿದಳು. ನಾವು ಹೊರಗೆ ಬಂದೆವು. ಆ ಹೊತ್ತು ಒಳಗೆ ಯಾರೂ ಇರಬಾರದು. ಅತ್ತೆ ಹೊರಗೆ ಬರಲಿಲ್ಲ, ಒಳಗಿನಿಂದಲೇ ಬಾಗಿಲು ಮುಚ್ಚಿಕೊಂಡಳು. ಮಾವ ಕಟ್ಟೆಯ ಮೇಲೆ ಕೂತು ತಲೆ ತಗ್ಗಿಸಿದ್ದರು. ನನಗೆ ಅತ್ತೆ ಎಷ್ಟು ಪ್ರೀತಿಯವಳೆಂದು ಆಗಲೇ ಗೊತ್ತಾದದ್ದು. ಬಾಗಿಲ ಸಂದಿಯಿಂದ ಅವಳ ದನಿ, ಕೂಸಿಗೆ ತುತ್ತು ಕೊಡುವಾಗಿನ ದನಿ, ಕೇಳಿಸಿತು:

“ಅಕ್ಕಾ, ಬಾಯಿ ಮುಚ್ಚಬ್ಯಾಡವ್ವಾ. ಉಣ್ಣು. ಇದರಾಗ ಗೋದಿ ಇಲ್ಲ.”