ಕೊಬ್ಬರಿ ಮಂಡಿ ಬೀದಿಯಲ್ಲೊಂದು ಅರ್ಧ ಮನೆ

ಮನೆ ಕೊಂಡವರನ್ನು ಜನ "ಎಷ್ಟಾಯ್ತು?" ಎಂದು ಕೇಳುತ್ತಾರೆ. ನನ್ನನ್ನು ಮಾತ್ರ "ಯಾವ ಅರ್ಧ?" ಎಂದು ಕೇಳುತ್ತಿದ್ದರು. ಮೊದಮೊದಲು ನಾಚಿಕೆಯಾಗುತ್ತಿತ್ತು, ಆಮೇಲೆ ಕೋಪ ಬರುತ್ತಿತ್ತು, ಕೊನೆಕೊನೆಗೆ ನಗು. ಅರ್ಧ ಮನೆ ಕೊಂಡವರಿಗೆ ಇಂಥವು ಆಗುತ್ತಲೇ ಇರುತ್ತವೆ. ತಪ್ಪಿಸಿಕೊಳ್ಳೋಣ ಎಂದರೆ ಉಳಿದರ್ಧದಿಂದ ಬರುತ್ತವೆ.

ತೊಂಬತ್ತರ ದಶಕದ ನಡುವಿನ ಮಾತು. ಅರಸೀಕೆರೆಯಲ್ಲಿ ರೈಲ್ವೆ ಸ್ಟೇಷನ್ನಿನ ಹಿಂದೆ ಒಂದು ಬೀದಿಯ ತುಂಬಾ ಕೊಬ್ಬರಿ ಮಂಡಿಗಳಿದ್ದವು. ವ್ಯಾಪಾರ ಊರಾಚೆಯ ಮಾರ್ಕೆಟ್ ಯಾರ್ಡಿಗೆ ಹೋದ ಮೇಲೆ ಮಂಡಿಗಳಿಗೆ ಬೀಗ ಬಿತ್ತು, ಬೀದಿ ಹೆಗ್ಗಣಗಳ ಪಾಲಾಯಿತು. ಆಮೇಲೆ ಪುರಸಭೆಯವರು ಕಾಂಕ್ರೀಟ್ ರಸ್ತೆ ಹಾಕಿಸಿದರು. ದೀಪ ಬಂತು, ಯಾರೋ ಧೈರ್ಯ ಮಾಡಿ ಬೇಕರಿ ಇಟ್ಟರು. ಮಂಡಿ ಸಾಹುಕಾರರೊಬ್ಬರು ತಮ್ಮ ಹಳೇ ಗೋಡೌನ್ ಕೆಡವಿ ಮೂರು ಅಂತಸ್ತಿನ ಅಪಾರ್ಟ್‌ಮೆಂಟು ಎಬ್ಬಿಸಿದರು. ನೋಡಲು ಊರೆಲ್ಲ ಬಂತು, ಕೊಳ್ಳಲು ಯಾರೂ ಬರಲಿಲ್ಲ. "ಕೆಳಗೆ ನೆಲ ನಮ್ದಲ್ಲ, ಮೇಲೆ ಸೂರು ನಮ್ದಲ್ಲ, ನಡುವೆ ಗಾಳಿ ಕೊಂಡ್ಕೊಂಡು ಏನ್ ಮಾಡೋದು?" ಎನ್ನುವುದು ಜನರ ತಕರಾರು.

ಸಾಹುಕಾರರು ಜೀವಮಾನವೆಲ್ಲ ಪಾಲುಗಾರಿಕೆಯಲ್ಲೇ ವ್ಯಾಪಾರ ಮಾಡಿದವರು. ಮನೆಯನ್ನೂ ಹಾಗೇ ಮಾರಲು ಹೊರಟರು. ಅರ್ಧ ಈಗ ಕೊಳ್ಳುವುದು, ಉಳಿದರ್ಧ ಅವರದು, ಅದಕ್ಕೆ ಬಾಡಿಗೆ ಕೊಡುವುದು. ಕೈಲಾದಾಗ ಅದನ್ನೂ ಕೊಂಡುಕೊಳ್ಳುವುದು.

ಅಪ್ಪ ತೀರಿಕೊಂಡ ಮೇಲೆ ನಾನೂ ಅಮ್ಮನೂ ಬಾಡಿಗೆ ಮನೆಗಳಲ್ಲೇ ಇದ್ದೆವು. ಮಾಲೀಕರ ಮಗನಿಗೆ ಮದುವೆ ಗೊತ್ತಾದಾಗಲೆಲ್ಲ ನಾವು ಪಾತ್ರೆ ಕಟ್ಟುತ್ತಿದ್ದೆವು. ಮದುವೆಯ ಊಟಕ್ಕೂ ಕರೆಯುತ್ತಿದ್ದರು, ಅದು ಬೇರೆ ಮಾತು. "ಖಾಲಿ ಮಾಡಿ" ಎಂದು ಯಾರೂ ಅನ್ನಲಾಗದ ಮನೆಯೊಂದು ನನ್ನ ಹೆಸರಿನಲ್ಲಿ ಪೂರ್ತಿಯಾಗಿ ಇರಬೇಕು ಎನ್ನುವುದು ನನ್ನ ಆಸೆ. ಅರ್ಧದಿಂದ ಶುರು ಮಾಡಿದೆ.

ಬೂತಿನೊಳಗಿನ ವ್ಯವಹಾರ

ಕಾನ್ವೆಂಟಿನಲ್ಲಿ ಓದಿದವಳು ನಾನು. ಅಲ್ಲಿ ಕಲಿತ ಇಂಗ್ಲಿಷ್ ಊರಿನಲ್ಲಿ ಯಾರಿಗೂ ಬೇಡ, ಊರಿಗೆ ಬೇಕಾದ ಜೋರು ಕನ್ನಡ ನನಗೆ ಬಾರದು. ಎದುರಿಗೆ ಇಬ್ಬರು ನಿಂತರೆ ಗಂಟಲು ಕಟ್ಟುತ್ತದೆ. ಆದರೆ ಕೆಲಸ ಮಾತ್ರ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ, ಆಪರೇಟರ್. ಕಿವಿಗೆ ಹೆಡ್‌ಫೋನ್ ಬಿದ್ದರೆ ನಾನೇ ಬೇರೆ. ದೆಹಲಿಯ ಕೊಬ್ಬರಿ ರೇಟು ಕೇಳಲು ಟ್ರಂಕ್ ಕಾಲ್ ಬುಕ್ ಮಾಡಿ ಗಳಿಗೆಗೊಮ್ಮೆ ಪೀಡಿಸುತ್ತಿದ್ದ ಇದೇ ಸಾಹುಕಾರರನ್ನು ಎಷ್ಟೋ ಸಲ ಗದರಿದ್ದೆ.

ಅದಕ್ಕೇ ಮನೆಯ ಮಾತನ್ನೂ ಫೋನಿನಲ್ಲೇ ಮುಗಿಸಿಬಿಡೋಣ ಎಂದು ಬೇಕರಿ ಪಕ್ಕದ ಎಸ್‌ಟಿಡಿ ಬೂತಿಗೆ ಹೋದೆ. ಹೇಳಬೇಕಾದದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆ. ಆ ಕಡೆಯಿಂದ "ಹಲೋ" ಎಂದದ್ದೇ ತಡ, ಅಭ್ಯಾಸಬಲದಿಂದ "ಯಾವ ಊರು, ನಂಬರ್ ಹೇಳಿ" ಎಂದುಬಿಟ್ಟೆ.

"ಯಾವ ಊರೂ ಬ್ಯಾಡ ಮೇಡಂ," ಎಂದರು ಸಾಹುಕಾರರು, ಧ್ವನಿ ಗುರುತು ಹಿಡಿದು. "ಫೋನ್ ಮಾಡಿರೋರು ನೀವು."

ಹೇಗೋ ಸುಧಾರಿಸಿಕೊಂಡು ಚೌಕಾಸಿ ಮಾಡಿದೆ. ಎದುರಿಗಿದ್ದರೆ ಹುಟ್ಟದೇ ಹೋಗುತ್ತಿದ್ದ ಮಾತುಗಳೆಲ್ಲ ಬಂದವು. ಕೊನೆಗೆ ಅವರೇ ಸೋತರು.

"ಆಯ್ತು ಮೇಡಂ, ಒಪ್ಕೊಂಡೆ. ಈಗ ಆ ಬೂತಿನ ಬಾಗಿಲು ತಕ್ಕೊಂಡು ಈಚೆ ಬರ್ರಿ. ಆಗ್ಲಿಂದ ಎದುರು ಅಂಗಡೀಲಿ ಕೂತು ನಿಮ್ಮನ್ನೇ ನೋಡ್ತಾ ಇವ್ನಿ. ನಿಮಗೆ ಅಂತ ತರಿಸಿದ ಕಾಫಿ ಆರಿ ಹೋಗ್ತಾ ಐತೆ."

ದೊಡ್ಡಮ್ಮ ಎಳೆದ ಗೆರೆ

ನಾವು ಮನೆಗೆ ಬಂದು ವಾರವಾಗಿರಲಿಲ್ಲ, ಹತ್ತಿರದ ಗಂಡಸಿ ಊರಿನಿಂದ ದೊಡ್ಡಮ್ಮ ನೋಡಲು ಬಂದರು. ಅಮ್ಮನ ಅಕ್ಕ. ಅವರ ಊರಿನಲ್ಲಿ ಅಣ್ಣತಮ್ಮಂದಿರು ಪಾಲಾದರೆ ಮನೆಯ ನಡುವೆ ಗೋಡೆ ಏಳುತ್ತದೆ. ಅಂಥ ಪಾಲುಗಳನ್ನು ಕಣ್ಣಾರೆ ಕಂಡವರು.

"ಯಾವ ಅರ್ಧ ನಿಂದು?" ಎಂದರು, ಚಪ್ಪಲಿ ಬಿಡುವ ಮೊದಲೇ.

"ಹಾಗಲ್ಲ ದೊಡ್ಡಮ್ಮ. ಗೋಡೆ ಏನಿಲ್ಲ. ಎಲ್ಲದರಲ್ಲೂ ಅರ್ಧ ನಂದು, ಅರ್ಧ ಅವರದು."

"ಈ ಕಿಟಕಿ?"

"ಅರ್ಧ."

"ಆ ನಲ್ಲಿ?"

"ಅದೂ ಅರ್ಧ."

"ನೀರು?"

"ನೀರು ಪುರಸಭೆಯದು."

ದೊಡ್ಡಮ್ಮ ತಂಗಿಯ ಕಡೆ ತಿರುಗಿದರು. "ಇಂಗ್ಲೀಸ್ ಓದ್ಸುದ್ರೆ ಹಿಂಗೇ ಆಗೋದು ಕಣೇ. ಪಾಲು ತಗಳಕ್ಕೂ ಬರಕಿಲ್ಲ." ಎಂದವರೇ ರಂಗೋಲಿ ಡಬ್ಬಿ ತರಿಸಿ, ಬಾಗಿಲಿಂದ ಎದುರು ಗೋಡೆಯವರೆಗೆ ನೆಟ್ಟಗೆ ಒಂದು ಗೆರೆ ಎಳೆದರು. ಒಲೆ, ದೇವರ ಗೂಡು, ನೀರು ಮೂರೂ ನಮ್ಮ ಕಡೆಗೆ ಬಂದವು. ಕಿಟಕಿಯ ಕಡೆ ಸಾಹುಕಾರರಿಗೆ ಹೋಯಿತು.

"ಹಂಗಾದ್ರೆ ಆ ಕಡೆ ಏನ್ ಮಾಡೋದಕ್ಕಾ?" ಅಮ್ಮನಿಗೆ ನಿಜವಾಗಿ ಗಾಬರಿ.

"ಜ್ವರ ಗಿರ ಬಂದ್ರೆ ಆ ಕಡೆ ಮಲೀಕಳಿ. ಅಳೋದು, ಜಗಳ ಆಡೋದು ಎಲ್ಲಾ ಅಲ್ಲೇ ಇಟ್ಕಳಿ. ನಿಮ್ಮ ಪಾಲು ಚೆಂದಾಗಿರ್ಲಿ."

ಗೆರೆಯನ್ನು ಮರುದಿನ ಗುಡಿಸಿದೆವು. ಆದರೆ ಅಮ್ಮನ ಮನಸ್ಸಿನಿಂದ ಅದು ಹೋಗಲಿಲ್ಲ. ನನ್ನನ್ನು ಬಯ್ಯಬೇಕೆನಿಸಿದಾಗಲೆಲ್ಲ ಒಲೆ ಆರಿಸಿ, "ಬಾ ಇಲ್ಲಿ" ಎಂದು ಕಿಟಕಿ ಹತ್ತಿರ ಕರೆದುಕೊಂಡು ಹೋಗಿ ಬಯ್ಯುತ್ತಿದ್ದಳು.

ಅಟ್ಟ ಹತ್ತುವವರು

ಅಟ್ಟವಿಲ್ಲದ ಮನೆಯನ್ನು ಸಾಹುಕಾರರು ಕಂಡವರಲ್ಲ. ಹಾಸನದ ಎಂಜಿನಿಯರು ಎಷ್ಟು ಬೇಡವೆಂದರೂ ಕೇಳದೆ, ಅಪಾರ್ಟ್‌ಮೆಂಟಿನ ಪ್ರತಿಯೊಂದು ಹಾಲಿನ ಮೇಲೂ ಬಿದಿರು ಹಾಸಿದ ಅಟ್ಟ ಮಾಡಿಸಿದ್ದರು. ಕಟ್ಟಿದ ಮೇಲೆ ಖಾಲಿ ಬಿಡುವುದುಂಟೇ? ತಮ್ಮ ಅರ್ಧದ ಲೆಕ್ಕದಲ್ಲಿ ತಮ್ಮ ತೋಟದ ತೆಂಗಿನಕಾಯಿಗಳನ್ನು ನಮ್ಮ ಅಟ್ಟಕ್ಕೆ ಏರಿಸಿದರು. ಅವು ಹೆಚ್ಚುಕಡಿಮೆ ಒಂದು ವರ್ಷ ಅಲ್ಲೇ ಒಣಗಿ ಉಂಡೆ ಕೊಬ್ಬರಿಯಾಗಬೇಕು. ವಾರಕ್ಕೊಮ್ಮೆ ಬಂದು ಏಣಿ ಹತ್ತಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಸದ್ದು ಮಾಡುತ್ತದೆಯೇ ಎಂದು ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ, "ಇನ್ನೂ ಮಾತಾಡ್ತಿಲ್ಲ" ಎಂದು ಇಳಿದು ಹೋಗುತ್ತಿದ್ದರು.

ಹಾಗಿರುವಾಗ ನನ್ನನ್ನು ನೋಡಲು ಹಾಸನದಿಂದ ಗಂಡಿನ ಕಡೆಯವರು ಬಂದರು. ಹುಡುಗ, ಅವನ ತಾಯಿ, ತಂದೆ. ತಂದೆಯ ಕಣ್ಣು ನನಗಿಂತ ಹೆಚ್ಚು ಗೋಡೆಗಳ ಮೇಲಿತ್ತು.

"ಮನೆ ಸ್ವಂತದ್ದೋ?"

"ನನ್ನ ಮಗಳದು," ಎಂದಳು ಅಮ್ಮ. ಆ ಮಾತು ಹೇಳುವಾಗ ಅವಳು ಒಂದು ಗೇಣು ಎತ್ತರವಾಗುತ್ತಿದ್ದಳು. ಆದರೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಅಂದ್ರೆ, ಅರ್ಧ."

"ಉಳಿದರ್ಧ?"

"ಸಾಹುಕಾರರದು."

"ಅವರು ಇಲ್ಲಿಗೆ ಬರ್ತಾರಾ?"

"ವಾರಕ್ಕೊಂದ್ಸಲ ಬಂದು ಅಟ್ಟ ಹತ್ತಿ ಇಳೀತಾರೆ ಅಷ್ಟೇ. ಕಾಫೀನೂ ಕುಡಿಯಲ್ಲ ಪಾಪ."

ಹುಡುಗನ ತಾಯಿಯ ಕೈಯಲ್ಲಿ ಉಪ್ಪಿಟ್ಟಿನ ಚಮಚ ನಿಂತಿತು. ಅಮ್ಮ ತೆಂಗಿನಕಾಯಿಯ ವಿಷಯ ವಿವರಿಸಿದ ಮೇಲೆ ಅದು ಮತ್ತೆ ಬಾಯಿಗೆ ಹೋಯಿತು. ತಂದೆ ಮಾತ್ರ ಲೆಕ್ಕದಲ್ಲೇ ಇದ್ದರು.

"ಒಂದು ಕೆಲಸ ಮಾಡೋಣ. ಮದುವೆಯಾದ ಮೇಲೆ ನಿಮ್ಮ ಅರ್ಧಾನ ಇಬ್ಬರ ಹೆಸರಿಗೂ ಮಾಡಿಸಿಬಿಡೋಣ. ಏನಮ್ಮಾ?"

ಎಲ್ಲರೂ ನನ್ನನ್ನೇ ನೋಡಿದರು. ಕಿವಿಗೆ ಹೆಡ್‌ಫೋನ್ ಇರಲಿಲ್ಲ. ಆದರೂ ಎಲ್ಲಿಂದಲೋ ಧ್ವನಿ ಬಂತು. "ಅರ್ಧ ಆಗಲೇ ಸಾಹುಕಾರರದು ಸರ್. ಇನ್ನರ್ಧದಲ್ಲಿ ಅರ್ಧ ಕೊಟ್ಟರೆ ನನಗೆ ಬಚ್ಚಲುಮನೆ ಮಾತ್ರ ಉಳಿಯುತ್ತೆ."

ಅವರು ಹೋದ ಮೇಲೆ ನಾನಾಗಿಯೇ ಎದ್ದು ಕಿಟಕಿ ಹತ್ತಿರ ಹೋಗಿ ನಿಂತೆ. ಅಮ್ಮ ಕೇಸರಿಬಾತಿನ ಪಾತ್ರೆ ಹಿಡಿದು ಒಲೆಯ ಪಕ್ಕ ಕೂತಳು. "ಅಲ್ಯಾಕೆ ನಿಂತೆ? ಈ ಕಡೆ ಬಾ. ಇದೆಲ್ಲಾ ನಿನ್ನ ಪಾಲು."

ಟವೆಲ್ಲಿನ ಅಡಿಯಲ್ಲಿ

ಐದಾರು ವರ್ಷಗಳಲ್ಲಿ ಬೀದಿಯ ಲಕ್ಷಣವೇ ಬದಲಾಯಿತು. ಔಷಧಿ ಅಂಗಡಿ ಬಂತು, ಕಂಪ್ಯೂಟರ್ ಕ್ಲಾಸು ಬಂತು. ಗಾಳಿ ಕೊಳ್ಳಲ್ಲ ಎಂದವರೇ ಮಹಡಿಯಲ್ಲಿ ಮನೆ ಖಾಲಿ ಇದೆಯಾ ಎಂದು ವಿಚಾರಿಸತೊಡಗಿದರು. ನಾನು ಒಳಗೊಳಗೇ ಬೀಗುತ್ತಿರುವಾಗ ಸಾಹುಕಾರರು ಸುದ್ದಿ ತಂದರು. ಜಾವಗಲ್ಲಿನ ಗೊಬ್ಬರದ ವ್ಯಾಪಾರಿಯೊಬ್ಬರು ಅವರ ಅರ್ಧವನ್ನು ಕೇಳುತ್ತಿದ್ದಾರಂತೆ.

"ಅವರು ಇಲ್ಲಿ ಬಂದು ಇರ್ತಾರಾ?" ಅಮ್ಮ ಕೇಳಿದಳು.

"ಅವರಿರಲ್ಲ. ಗೊಬ್ಬರದ ಮೂಟೆ ಇರ್ತವೆ. ಅದಕ್ಕೇ ನಿಮಗೇ ಮೊದಲು ಹೇಳ್ತಾ ಇದೀನಿ. ದೀಪಾವಳಿಯೊಳಗೆ ನೀವು ತಗೊಂಡ್ರೆ ನಿಮಗೆ, ಇಲ್ಲಾಂದ್ರೆ ಅವರಿಗೆ."

"ಬೆಲೆ?" ಎಂದೆ.

"ಬಾಯಲ್ಲಿ ಬೆಲೆ ಹೇಳೋ ಅಭ್ಯಾಸ ನಂಗಿಲ್ಲ. ಭಾನುವಾರ ಮನೆಗೆ ಬರ್ರಿ."

ಹಳೇ ಮಂಡಿಯವರ ಪದ್ಧತಿ ಅದು. ಕೊಳ್ಳುವವರೂ ಮಾರುವವರೂ ಕೈಗಳ ಮೇಲೆ ಟವೆಲ್ ಹಾಕಿಕೊಂಡು, ಅದರಡಿ ಬೆರಳು ಹಿಡಿದು ಬೆಲೆ ಆಡುತ್ತಾರೆ. ಒಂದು ಬೆರಳಿಗೆ ಒಂದು, ಇಡೀ ಕೈಗೆ ಐದು; ನೂರೋ ಸಾವಿರವೋ ಎನ್ನುವುದು ಮಾಲಿನ ಮೇಲೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಟವೆಲ್ ಎತ್ತಿದ ಮೇಲೆ ಯಾರೂ ಹಿಂದೆ ಸರಿಯುವಂತಿಲ್ಲ, ಒಪ್ಪಿದ್ದು ಎಷ್ಟಕ್ಕೆ ಎಂದು ಮೂರನೆಯವರಿಗೆ ಬಾಯಿ ಬಿಡುವಂತೆಯೂ ಇಲ್ಲ.

ಭಾನುವಾರ ಜಮಖಾನದ ಮೇಲೆ ಕೂತು ಸಾಹುಕಾರರು ಹೆಗಲಿನ ಟವೆಲ್ ತೆಗೆದು ಕೈ ಚಾಚಿದರು. ಎದುರಿಗಿದ್ದ ಕೈ ಯಾರದೆಂದು ಆಗ ನೋಡಿ, ಬಿಸಿ ತಗುಲಿದವರಂತೆ ಹಿಂದಕ್ಕೆಳೆದುಕೊಂಡರು.

"ಹಾರನಹಳ್ಳಿಯಿಂದ ನಮ್ಮಣ್ಣನ್ನ ಕರೆಸ್ಲಾ?" ಎಂದಳು ಅಮ್ಮ.

"ಕೊಳ್ಳೋರ ಕೈಯೇ ಆಗ್ಬೇಕು ಕಣಮ್ಮಾ. ಬೇರೆಯೋರ ಕೈ ಹಿಡಿದ್ರೆ ಮಾತು ನಿಲ್ಲಲ್ಲ."

"ನನ್ನ ಮಗಳು ನಿಮ್ಮ ಕೈ ಹಿಡಿದ್ರೆ ಊರ ಬಾಯಿ ನಿಲ್ಲಲ್ಲ."

ಅಷ್ಟರಲ್ಲಿ ಸಾಹುಕಾರರ ಹೆಂಡತಿ ಕಾಫಿ ತಂದರು. ನನ್ನ ಮುಂದೆ ಲೋಟ ಇಡುತ್ತಾ ಮೆಲ್ಲಗೆ ಕೇಳಿದರು. "ಪತ್ರ ಯಾರ ಹೆಸರಿಗೆ ಆಗ್ತದವ್ವಾ?"

"ನನ್ನ ಹೆಸರಿಗೆ."

"ನಿಂದೊಂದೇನಾ?"

"ನಂದೊಂದೇ."

ಅವರು ತಟ್ಟೆ ಹಿಡಿದು ಅಲ್ಲೇ ನಿಂತರು. ಅವರನ್ನು ನೋಡಿ ಸಾಹುಕಾರರಿಗೆ ದಾರಿ ಹೊಳೆಯಿತು. "ಇವಳು ಹಿಡೀತಾಳೆ ಬಿಡಿ. ಹೆಂಡ್ತಿ ಕೈ ಬೇರೆಯಲ್ಲ, ನನ್ನ ಕೈ ಬೇರೆಯಲ್ಲ." ಎಂದು ಅವರನ್ನು ಒಳಗೆ ಕರೆದುಕೊಂಡು ಹೋಗಿ ಬೆಲೆ ಹೇಳಿಕೊಟ್ಟು ಕರೆತಂದರು. ಆಮೇಲೆ ಪಕ್ಕಾ ವ್ಯಾಪಾರಿಯಂತೆ ಸೂರು ನೋಡುತ್ತಾ ಕೂತರು.

ಟವೆಲ್ಲಿನ ಅಡಿ ಅವರ ಕೈ ಕಾಫಿ ಲೋಟದಿಂದ ಇನ್ನೂ ಬೆಚ್ಚಗಿತ್ತು. ಮೊದಲು ಹಿಡಿದ ಬೆಲೆ ನನ್ನ ಶಕ್ತಿಗೆ ಮೀರಿದ್ದು. ತಲೆಯಾಡಿಸಿದೆ. ನನ್ನ ಕೈಲಾಗುವಷ್ಟನ್ನು ನಾಚಿಕೊಂಡೇ ಹಿಡಿದು ತೋರಿಸಿದೆ. ಅವರು ಗಂಡನ ಕಡೆ ಒಮ್ಮೆ ನೋಡಿ ತಮ್ಮ ಬೆಲೆಯಿಂದ ಒಂದು ಬೆರಳು ಬಿಟ್ಟರು. ಸ್ವಲ್ಪ ತಡೆದು ಇನ್ನೊಂದು. ಮುಖದಲ್ಲಿ ಏನೂ ಇಲ್ಲ, ಸೊಪ್ಪು ಸೋಸಲು ಕೂತವರ ಹಾಗೆ. ಮೂರನೆಯದೂ ಹೋಗಿ ನನ್ನ ಬೆಲೆಗೇ ಬಂದು ನಿಂತರು. ಕೊನೆಗೆ ನನ್ನ ಇಡೀ ಕೈಯನ್ನು ಒಮ್ಮೆ ಗಟ್ಟಿಯಾಗಿ ಒತ್ತಿದರು. ಅದು ಯಾವ ಬೆಲೆಯೂ ಅಲ್ಲವೆಂದು ನನಗೂ ತಿಳಿಯಿತು. ಟವೆಲ್ ಎತ್ತಿದರು.

"ಆಯ್ತಾ? ಎಷ್ಟಕ್ಕೆ?" ಎಂದರು ಸಾಹುಕಾರರು.

"ಚೆನ್ನಾಗೈತೆ ಕೇಳೋದು. ಮದುವೆಯಾಗಿ ಬಂದಾಗ್ಲಿಂದ ನಾನೂ ಕೇಳ್ತಾನೇ ಇದೀನಿ, ಇವತ್ತು ಎಷ್ಟಕ್ಕೆ ಹೋಯ್ತು ಅಂತ. ಟವೆಲ್ ಒಳಗಿನ ಮಾತು ಮನೆಯೋರಿಗೂ ಹೇಳ್ಬಾರ್ದು ಅಂದೋರು ಯಾರು?"

ಸಾಹುಕಾರರು ನನ್ನ ಕಡೆ ತಿರುಗಿದರು. "ಮೇಡಂ, ನೀವಾದ್ರೂ."

"ಹೇಳೋ ಹಾಗಿಲ್ಲವಂತೆ ಸಾಹುಕಾರ್ರೇ," ಎಂದೆ.

ತಾವು ಹೇಳಿಕೊಟ್ಟ ಬೆಲೆಗಿಂತ ಅಷ್ಟಿಷ್ಟು ಕಡಿಮೆ ಇರಬಹುದು ಎಂದುಕೊಂಡು ಅವರು ಟವೆಲ್ ಹೆಗಲಿಗೆ ಹಾಕಿಕೊಂಡರು. ಮಾತಿಗೆ ತಪ್ಪಿದವರಲ್ಲ. ಅದೇ ವಾರ ಎಲ್ಲರೂ ಪತ್ರ ಬರೆಯುವವರ ಹತ್ತಿರ ಹೋದೆವು. ಬೆಂಚಿನ ಮೇಲೆ ಬೇರೆ ಊರುಗಳ ಗಂಡಸರು ಸಾಲಾಗಿ ಕೂತಿದ್ದರು.

"ಕ್ರಯ ಎಷ್ಟು ಅಂತ ಬರೀಲಿ ಸಾಹುಕಾರ್ರೇ?"

ತಮ್ಮ ಮಾಲು ಎಷ್ಟಕ್ಕೆ ಹೋಗಿದೆ ಎಂದು ತಿಳಿಯದೆ ಅವರು ಕೂತದ್ದು ಅದೇ ಮೊದಲು. ಹೆಂಡತಿಯ ಕಡೆ ಬಾಗಿ, "ಹೇಳೇ," ಎಂದರು.

"ಬಾಯಲ್ಲಿ ಹೇಳೋ ಅಭ್ಯಾಸ ನಮ್ಮ ಮನೇಲಿಲ್ವಲ್ಲ," ಎಂದ ಅವರು ಗಂಡನ ಹೆಗಲಿನಿಂದ ಟವೆಲ್ ಎಳೆದುಕೊಂಡರು. ಎಲ್ಲರೆದುರಿಗೆ ಅದನ್ನು ಹರಡಿ, ಅದರಡಿಯಲ್ಲಿ ಗಂಡನ ಕೈ ಹಿಡಿದರು. ಬೆಂಚಿನ ಗಂಡಸರೆಲ್ಲ ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು.

ಟವೆಲ್ ಅಲುಗಿತು, ನಿಂತಿತು.

"ಇನ್ನೂ ಮೂರು ಬೆರಳು ಎಲ್ಲೇ?" ಎಂದರು ಸಾಹುಕಾರರು ಸಣ್ಣ ಧ್ವನಿಯಲ್ಲಿ.

"ಅಷ್ಟೇ."

ಸಾಹುಕಾರರು ಕೈ ಬಿಡಿಸಿಕೊಳ್ಳಲಿಲ್ಲ. ಆಮೇಲೆ ಬೆಲೆ ಹೇಳಿದರು, ಬರೆಯುವವರು ಬರೆದರು. ನನ್ನ ಹೆಸರು ಬಂದ ಕಡೆ ಅಮ್ಮ ಅವರನ್ನು ತಡೆದು, "ಅಲ್ಲೊಂಚೂರು ಇನ್ನೊಂದ್ಸಲ ಓದಿ, ಜೋರಾಗಿ," ಎಂದಳು. ಓದಿದರು. ಬೆಂಚಿನವರೂ ಕೇಳಿಸಿಕೊಂಡರು.

ಏಳುವ ಹೊತ್ತಿಗೆ ಸಾಹುಕಾರರು ಟವೆಲ್ಲಿಗೆ ಕೈ ಚಾಚಿದರು. ಅವರ ಹೆಂಡತಿ ಅದನ್ನು ನೀಟಾಗಿ ಮಡಚಿ ತಮ್ಮ ಚೀಲಕ್ಕೆ ಹಾಕಿಕೊಂಡರು.

"ಇದು ನನ್ನ ಹತ್ರಾನೇ ಇರ್ಲಿ. ಮಹಡೀಲಿ ಇನ್ನೂ ಎಷ್ಟು ಮನೆ ಅರ್ಧರ್ಧ ಅವೆ?"