ಡಬ್ಬ ಕಂಪನಿಯದು, ಎದೆಬಡಿತ ನನ್ನದು

ನನ್ನ ಫೋನ್ ರಿಂಗಾದರೆ ಸಾಕು, ಎದೆ ಧಸಕ್ಕೆನ್ನುತ್ತದೆ. ಹೋಗಿ ನೋಡಿದರೆ ನನ್ನೊಬ್ಬನನ್ನು ಬಿಟ್ಟು ಮಿಕ್ಕವರೆಲ್ಲ ನಗುವಂಥದ್ದೇನೋ ಆಗಿರುತ್ತದೆ. ಟೆಲಿಕಾಂ ಕಂಪನಿಯೊಂದಕ್ಕೆ ಅರಸೀಕೆರೆ, ಬೇಲೂರು, ಹಳೇಬೀಡಿನ ಕಡೆ ನಾನೊಬ್ಬನೇ ಗತಿ. ಮೊದಲು ಇಂಟರ್‌ನೆಟ್ ಡಬ್ಬ ಮಾರಿ ಕೈತೊಳೆದುಕೊಳ್ಳುತ್ತಿದ್ದೆವು. ಈಗ ಡಬ್ಬ, ತಂತಿ, ರಿಪೇರಿ ಎಲ್ಲ ಕಂಪನಿಯದೇ. ಗಿರಾಕಿ ಬಳಸಿದಷ್ಟಕ್ಕೆ ತಿಂಗಳು ತಿಂಗಳು ಕೊಟ್ಟರಾಯಿತು.

"ಡಬ್ಬ ಮಾರಿದ್ರೆ ಒಂದೇ ಸಲ ಲಾಭ. ಸೇವೆ ಮಾರಿದ್ರೆ ಪ್ರತಿ ತಿಂಗಳೂ ಲಾಭ" ಎಂದರು ಬೆಂಗಳೂರಿನ ಮ್ಯಾನೇಜರು. ಗಿರಾಕಿ ಯಾವ ತಿಂಗಳು ಬೇಕಾದರೂ ಬಿಡಬಹುದು ಎಂಬುದನ್ನು ಮೆಲ್ಲಗೆ ಹೇಳಿದರು. ಒಬ್ಬರು ಬಿಟ್ಟರೂ ನನ್ನ ಕೆಲಸ ಹೋಗುತ್ತದೆ ಎಂಬುದನ್ನು ಜೋರಾಗಿಯೇ ಹೇಳಿದರು. ಅವತ್ತಿನಿಂದ ನನಗೆ ಸರಿಯಾಗಿ ಊಟ ಸೇರಿಲ್ಲ.

ಒಂದೂವರೆ ಗಂಟೆ

ಅರಸೀಕೆರೆಯ ಕೊಬ್ಬರಿ ಮಂಡಿಯೊಂದರಲ್ಲಿ ದಿನಾ ಮಧ್ಯಾಹ್ನ ಒಂದೂವರೆಗೆ ಲೈನ್ ಸತ್ತುಹೋಗುತ್ತಿತ್ತು. ಮೂರು ದಿನ ತಂತಿ ಬದಲಿಸಿದೆ. ನಾಲ್ಕನೇ ದಿನ ಬೆವರುತ್ತ ಡಬ್ಬದ ಎದುರೇ ಕೂತೆ. ಒಂದೂವರೆಗೆ ಸಾಹುಕಾರರು ಎದ್ದು, ಡಬ್ಬದ ಸ್ವಿಚ್ ಆರಿಸಿ, ಟಿಫನ್ ಕ್ಯಾರಿಯರ್ ಬಿಚ್ಚಿದರು.

"ಯಾಕ್ ಸಾಹುಕಾರ್ರೇ ಆರಿಸಿದ್ರಿ?"

"ಬಳಸಿದಷ್ಟಕ್ಕೇ ದುಡ್ಡು ಅಂದ್ರಲ್ಲ ನೀವು! ನಾನು ಉಣ್ಣೋ ಹೊತ್ತಲ್ಲಿ ಅದ್ಯಾಕೆ ಉರೀಬೇಕು?"

ಎಲ್ಲಾ ನಿಮ್ದೇ

ಆಯುಧಪೂಜೆಯ ದಿನ ಮಾದಿಹಳ್ಳಿಯ ಹಿಂಡಿ, ಬೂಸಾ ಅಂಗಡಿಯ ಯಜಮಾನತಿ ಫೋನ್ ಮಾಡಿದರು. "ಎಲ್ರೂ ನಿಮ್ ಡಬ್ಬದ ಮುಂದೇನೇ ನಿಂತಿದ್ದೀವಿ, ಬೇಗ ಬನ್ನಿ" ಎಂದು ಇಟ್ಟೇಬಿಟ್ಟರು. ಡಬ್ಬ ಸುಟ್ಟೇಹೋಯಿತು ಎಂದುಕೊಂಡು ಬೈಕ್ ಓಡಿಸಿದೆ. ಹೋಗಿ ನೋಡಿದರೆ ಡಬ್ಬಕ್ಕೆ ವಿಭೂತಿ, ಕುಂಕುಮ, ಸೇವಂತಿಗೆ ಹಾರ. ಲೈನ್ ಚೆನ್ನಾಗಿಯೇ ಇತ್ತು.

"ಏನಾಯ್ತಮ್ಮಾ?"

"ಆಗೋದೇನು? ಡಬ್ಬ ನಿಮ್ದು, ನೋಡ್ಕೊಳ್ಳೋದೆಲ್ಲಾ ನಿಮ್ದೇ ಅಂದಿದ್ರಲ್ಲ" ಎಂದು ನನ್ನ ಬರಿಗೈ ನೋಡಿದರು. "ಒಡೆಯೋಕೆ ಕುಂಬಳಕಾಯಿ ಎಲ್ಲೈತೆ?"

ಹರಕೆ

ಹಳೇಬೀಡಿನ ಲಾಡ್ಜ್ ಮಾಲೀಕರ ಫೋನ್ ಬಂತು. "ಬಂದು ನಿಮ್ ಡಬ್ಬ ಬಿಚ್ಕೊಂಡು ಹೋಗಿ." ಅಷ್ಟೇ.

ಮುಗಿಯಿತು ನನ್ನ ಕಥೆ ಎಂದುಕೊಂಡೆ. ಅವತ್ತು ಬೈಕ್ ಹಿಡಿಯುವ ಧೈರ್ಯವೂ ಇರಲಿಲ್ಲ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ, ಈ ಗಿರಾಕಿ ಉಳಿದರೆ ಮುಡಿ ಕೊಡುತ್ತೇನೆಂದು ಅರಸೀಕೆರೆ ಬೆಟ್ಟದ ಮಾಲೇಕಲ್ಲು ತಿಮ್ಮಪ್ಪನಿಗೆ ಹರಕೆ ಹೊತ್ತೆ.

"ನಮ್ ಕಡೆಯಿಂದ ಏನ್ ತಪ್ಪಾಯ್ತು ಸಾರ್?" ಎಂದೆ.

"ತಪ್ಪೇನ್ರೀ? ಮಗಳ ಮದುವೆ ಬೇಲೂರಿನ ಛತ್ರದಲ್ಲಿ. ಮೂರು ದಿನ ಅಲ್ಲಿ ಹಾಕಿ, ಆಮೇಲೆ ಇಲ್ಲಿಗೇ ತನ್ನಿ. ಅಡುಗೆಯವರು ಪಾತ್ರೆ ಸಮೇತ ಬರಲ್ವಾ? ಹಂಗೇ ನೀವೂ ಬನ್ನಿ."

ಕಂಪನಿಯ ಕಾಗದದಲ್ಲಿ ಇದಕ್ಕೆ ಅವಕಾಶ ಇದೆಯೋ ಇಲ್ಲವೋ ನಾನು ನೋಡಲೇ ಇಲ್ಲ. ಮೂರು ದಿನ ಡಬ್ಬದ ಪಕ್ಕದಲ್ಲೇ ಕಾವಲು ಕೂತೆ. ಭಾನುವಾರ ಬೆಟ್ಟ ಹತ್ತಿ ತಲೆ ಬೋಳಿಸಿಕೊಂಡೆ.

ಸೋಮವಾರ ವಿಡಿಯೋ ಮೀಟಿಂಗ್. ನನ್ನ ತಲೆ ಕಂಡದ್ದೇ ಮ್ಯಾನೇಜರು ದನಿ ತಗ್ಗಿಸಿದರು. "ಅಯ್ಯೋ, ಮನೇಲಿ ಯಾರಾದ್ರೂ..."

"ಇಲ್ಲ ಸಾರ್, ಎಲ್ರೂ ಚೆನ್ನಾಗಿದಾರೆ. ಗಿರಾಕಿ ಬಿಡಬಾರದು ಅಂತ ಹರಕೆ ಹೊತ್ತಿದ್ದೆ. ಬಿಡಲಿಲ್ಲ."

ನಗುತ್ತಾರೆ ಎಂದುಕೊಂಡೆ. ಅವರು ಎದುರಿಗಿದ್ದ ಗಿರಾಕಿಗಳ ಪಟ್ಟಿಯ ಮೇಲೆ ಬೆರಳಾಡಿಸಿದರು.

"ಬೇಲೂರಲ್ಲಿ ಇನ್ನಿಬ್ಬರು ಬಿಡೋ ಹಾಗಿದಾರೆ" ಎಂದರು. "ಕೂದಲು ಬೇಗ ಬೆಳೆಸ್ರೀ."