ಬಲಕ್ಕೆ ತಿರುಗುವ ಫ್ಯಾನ್

ಪ್ರೊಪೆಲ್ಲರ್ ಬಗ್ಗೆ ತಾನು ಓದಿದ್ದೆಲ್ಲ ಸರಿ ಇರಬಹುದು, ಪ್ರೊಪೆಲ್ಲರ್ ಮಾತ್ರ ತಪ್ಪಿರಬಹುದು ಎಂದು ಮೆರ್ಲಿನಳಿಗೆ ಬೆಳಿಗ್ಗೆ ಹಲ್ಲುಜ್ಜುವಾಗ ಅನಿಸಿತು. ಬಾಯಲ್ಲಿ ನೊರೆ ಇದ್ದುದರಿಂದ ಯಾರಿಗೂ ಹೇಳಲಿಲ್ಲ. ಬಾಯಿ ತೊಳೆದ ಮೇಲೂ ಹೇಳಲಿಲ್ಲ.

ಅವಳ ಅಪ್ಪ ಸಿಮೋನ್ ದುಬೈ ಬಂದರಿನಲ್ಲಿ ದೋಣಿ ಓಡಿಸುತ್ತಲೇ ಅರ್ಧ ಆಯುಷ್ಯ ಕಳೆದವರು. ಮಮ್ಮಿ ತೀರಿಕೊಂಡ ಮೇಲೆ ಊರಿಗೆ ಬಂದು, ಚಂದ್ರಗಿರಿ ಹೊಳೆಯಲ್ಲಿ ಪ್ರವಾಸಿಗಳನ್ನು ಸುತ್ತಾಡಿಸಲು ಹಳೆಯ ಹಾಯಿದೋಣಿಯೊಂದನ್ನು ಕೊಂಡಿದ್ದರು. ಗಾಳಿ ಬಿದ್ದಾಗ ದಡ ಸೇರಲು ಅದರಲ್ಲೊಂದು ಸಣ್ಣ ಡೀಸೆಲ್ ಇಂಜಿನ್ ಇತ್ತು. ನೀರಿನಡಿ ತಿರುಗಿ ದೋಣಿಯನ್ನು ತಳ್ಳುವ ಅದರ ಪ್ರೊಪೆಲ್ಲರ್, ಊರವರ ಬಾಯಲ್ಲಿ ಫ್ಯಾನ್, ಮಳೆಗಾಲದಲ್ಲಿ ಕಳಚಿ ಹೊಳೆಯ ಪಾಲಾಗಿತ್ತು.

ಇವತ್ತು ಸಂಜೆ ರೆಸಾರ್ಟಿನ ಮ್ಯಾನೇಜರ್ ಈಶ್ವರಪ್ರಸಾದ ದೋಣಿ ನೋಡಲು ಬರುವವರಿದ್ದರು. ಅವರು ತಮ್ಮ ಅತಿಥಿಗಳಿಗೆ ಈ ದೋಣಿಯನ್ನು ಗೊತ್ತುಮಾಡಿದರೆ ಸಿಮೋನ್ ಊರಲ್ಲಿ, ಇಲ್ಲದಿದ್ದರೆ ಪುನಃ ಗಲ್ಫಿನಲ್ಲಿ. ಮೆರ್ಲಿನ್ ಚಿಕ್ಕಂದಿನಿಂದ ಅಪ್ಪನನ್ನು ಕಂಡದ್ದಕ್ಕಿಂತ ಶುಕ್ರವಾರದ ಫೋನಿನಲ್ಲಿ ಕೇಳಿದ್ದೇ ಹೆಚ್ಚು. ಈಗ ಒಂದೇ ಮನೆಯಲ್ಲಿದ್ದರೂ ಇಬ್ಬರ ಮಾತು ಗಂಜಿಗೆ ಉಪ್ಪು ಸಾಕಾ ಎಂಬಲ್ಲಿಂದ ಮುಂದೆ ಹೋಗಿರಲಿಲ್ಲ. ಆದರೂ ಆ ಮೌನ ಮನೆಯಲ್ಲೇ ಇರಲಿ ಎಂದು ಅವಳ ಆಸೆ.

"ಓಡಿಸುವುದು ನಾನು, ಆರಿಸುವುದು ನೀನು. ಡಿಗ್ರಿ ಆದವಳಲ್ಲವಾ?" ಎಂದು ಹೋದ ತಿಂಗಳೇ ಹೇಳಿದ್ದರು ಸಿಮೋನ್. ಡಿಗ್ರಿ ಅರ್ಥಶಾಸ್ತ್ರದ್ದು ಎಂದು ಅವಳು ನೆನಪಿಸಲಿಲ್ಲ. ವಿದ್ಯಾನಗರದ ಇಂಟರ್ನೆಟ್ ಅಂಗಡಿಯಲ್ಲಿ ಕೂತು ಓದಿದಳು. ಹಾಯಿ ಎತ್ತಿದಾಗ ಮೂರು ರೆಕ್ಕೆಯದ್ದು ನೀರಿಗೆ ಅಡ್ಡ ನಿಂತು ದೋಣಿಯನ್ನು ಜಗ್ಗುತ್ತದೆ, ಎರಡು ರೆಕ್ಕೆಯದ್ದು ಅಷ್ಟು ಜಗ್ಗುವುದಿಲ್ಲ. ಅಗಲ ಗೊತ್ತಾಯಿತು, ರೆಕ್ಕೆಯ ಓರೆ ಗೊತ್ತಾಯಿತು. ಇಂಜಿನ್ ಅದನ್ನು ಯಾವ ಕಡೆಗೆ ತಿರುಗಿಸುತ್ತದೆ ಎಂಬುದೊಂದು ಉಳಿಯಿತು. ಅದನ್ನು ಮೆಕ್ಯಾನಿಕ್ ಹೊನ್ನಯ್ಯನ ಶೆಡ್ಡಿಗೆ ಹೋಗಿ ನೋಡಬೇಕು. ಇಂಜಿನ್ ರಿಪೇರಿಗೆಂದು ಅಲ್ಲೇ ಇತ್ತು. ಶೆಡ್ಡಿನೆದುರು ಯಾವಾಗಲೂ ಗಂಡಸರು ಕೂತಿರುತ್ತಿದ್ದರು. ಅವಳು ಫೋನು ಮಾಡಿದಳು.

"ಎಡಕ್ಕಾ ಬಲಕ್ಕಾ?"

ಗ್ರೈಂಡರಿನ ಕಿರುಚಾಟದ ನಡುವೆ ಹೊನ್ನಯ್ಯ, "ಬಲ ಮಗಾ, ಬಲ," ಎಂದ. ಅವಳು ಬಲಕ್ಕೆ ತಿರುಗುವುದನ್ನೇ ತರಿಸಿದಳು.

ಇವತ್ತು ಮಧ್ಯಾಹ್ನ ಹೊನ್ನಯ್ಯ ಇಂಜಿನನ್ನೂ ಅದನ್ನೂ ದೋಣಿಗೆ ಕೂರಿಸಿದ. ಆಕಾಶ ತಳ ಹಿಡಿದ ಅಲ್ಯುಮಿನಿಯಂ ಪಾತ್ರೆಯ ಹಾಗಿತ್ತು. ಪಕ್ಕದ ಮನೆಯ ಲೂರ್ಡ್ಸ್ ಬಾಯಿ ಹೊಳೆಬದಿಯ ಬಿದಿರಿಗೆ ಬೆಡ್‌ಶೀಟು ಒಣಹಾಕಲು ಬಂದವರು ಅಲ್ಲೇ ನಿಂತರು.

"ಎರಡೇ ರೆಕ್ಕೆಯಾ? ನಮ್ಮ ಚಾವಡಿಯ ಫ್ಯಾನಿಗೇ ಮೂರುಂಟು. ಗಾಳಿಗೆ ಮೂರು ಬೇಕಾದರೆ ನೀರಿಗೆ ಎರಡು ಸಾಕಾ?"

ಮೆರ್ಲಿನಳ ಬಳಿ ಉತ್ತರವಿತ್ತು. ಅದು ಗಂಟಲಿನವರೆಗೆ ಬಂದು, ಹೊರಗೆ ಜನ ಇದ್ದಾರೆಂದು ಹಿಂದೆ ಹೋಯಿತು.

ಸಂಜೆ ಈಶ್ವರಪ್ರಸಾದ ಮರಣದ ಮನೆಗೆ ಬಂದವರ ಹಾಗೆ ಮೆಲ್ಲಗೆ ಬಂದು ದಡದಲ್ಲಿ ಕೈಕಟ್ಟಿ ನಿಂತರು. ಸಿಮೋನ್ ಶಿಲುಬೆಯ ಗುರುತು ಮಾಡಿ ಇಂಜಿನ್ ಚಾಲು ಮಾಡಿದರು, ಗೇರನ್ನು ಮುಂದಕ್ಕೆ ತಳ್ಳಿದರು. ದೋಣಿ ಹಟಮಾರಿ ಎಮ್ಮೆಯ ಹಾಗೆ ಹಿಂದಕ್ಕೆ ಹೊರಟಿತು.

"ಮುಂದೆ ಹೋಗು ಸಿಮೋನ್," ಎಂದರು ಲೂರ್ಡ್ಸ್ ಬಾಯಿ.

"ಮುಂದೆಯೇ ಹೋಗುತ್ತಿದ್ದೇನೆ," ಎಂದರು ಸಿಮೋನ್.

ಬಿದಿರು ಮುರಿಯಿತು. ಬೆಡ್‌ಶೀಟು ದೋಣಿಯ ಬೆನ್ನಿಗೆ ಸುತ್ತಿಕೊಂಡಿತು. ಮ್ಯಾನೇಜರ್ ಎರಡು ಹೆಜ್ಜೆ ಹಿಂದೆ ಸರಿದರು.

"ಇದಕ್ಕೆ ಎಡದ್ದು ಬೇಕಿತ್ತಲ್ಲ ಮಾರಾಯ್ತಿ," ಎಂದ ಹೊನ್ನಯ್ಯ.

"ನೀವೇ ಬಲ ಅಂದದ್ದಲ್ಲವಾ?" ಮೆರ್ಲಿನಳ ಸ್ವರ ಅವಳಿಗೇ ಸರಿಯಾಗಿ ಕೇಳಲಿಲ್ಲ.

"ನಾನು ಹೇಳಿದ್ದು ತುಳುವಿನಲ್ಲಿ. ಬಾ ಅಂತ. ಬಂದು ನೋಡು ಅಂತ."

"ಅವಳು ಕನ್ನಡದಲ್ಲಿ ಕೇಳಿದರೆ ನೀನು ತುಳುವಿನಲ್ಲಿ ಯಾಕೆ ಹೇಳಿದ್ದು?" ಲೂರ್ಡ್ಸ್ ಬಾಯಿ ವಿಚಾರಣೆಗೆ ನಿಂತರು.

"ಆ ಗ್ರೈಂಡರ್ ಶಬ್ದಕ್ಕೆ ಅವಳು ಕೇಳಿದ್ದು ಎಂತ ಅಂತಲೇ ನನಗೆ ಕೇಳಲಿಲ್ಲ ಬಾಯಮ್ಮ."

"ಕೂರಿಸುವಾಗ ಕಣ್ಣು ಎಲ್ಲಿತ್ತು?"

"ಓದಿದವರು ತಂದದ್ದನ್ನು ನಾನು ಯಾಕೆ ನೋಡುವುದು?"

ಅಷ್ಟರಲ್ಲಿ ಸಿಮೋನ್ ಇಂಜಿನಿನ ಬಿರುಸು ತಗ್ಗಿಸಿ, ಗೇರನ್ನು ಹಿಂದಕ್ಕೆ ಎಳೆದರು. ದೋಣಿ ಮುಂದಕ್ಕೆ ಹೊರಟಿತು. ಬೆಡ್‌ಶೀಟನ್ನು ಎಳೆದುಕೊಂಡೇ ಹೊಳೆಯ ಮಧ್ಯಕ್ಕೆ ಹೋಗಿ, ಸುತ್ತು ಹೊಡೆದು, ನೇರ ಬಂದು, ಮಲಗಿದ ಮಗುವಿನ ಪಕ್ಕ ತಾಯಿ ಕೂರುವ ಹಾಗೆ ಕಟ್ಟೆಗೆ ತಾಗಿ ನಿಂತಿತು. ಅಪ್ಪ ಕೆಲಸ ಮಾಡುವುದನ್ನು ಮೆರ್ಲಿನ್ ನೋಡಿದ್ದು ಅದೇ ಮೊದಲು.

"ದೋಣಿ ಆಗುವುದಿಲ್ಲ," ಎಂದರು ಈಶ್ವರಪ್ರಸಾದ.

"ಫ್ಯಾನ್ ಬದಲಾಯಿಸಿದರೆ ಆಯಿತಲ್ಲ ಸಾರ್," ಎಂದ ಹೊನ್ನಯ್ಯ.

"ದೋಣಿಯ ಮಾತು ಬಿಡಿ." ಮ್ಯಾನೇಜರರ ಕಣ್ಣು ಸಿಮೋನರ ಮೇಲಿತ್ತು. "ಎಲ್ಲ ಉಲ್ಟಾ ಇರುವ ದೋಣಿಯನ್ನು ಹೀಗೆ ತರುವವರು ಎಲ್ಲಿದ್ದಾರೆ? ನಮ್ಮ ಕಂಪೆನಿಗೆ ಮಸ್ಕತ್‌ನಲ್ಲಿಯೂ ರೆಸಾರ್ಟ್ ಉಂಟು. ಅಲ್ಲಿ ದೋಣಿಗಳು ಒಳ್ಳೆಯದೇ, ಓಡಿಸುವ ಜನ ಇಲ್ಲ. ವೀಸಾ ನಾನು ನೋಡಿಕೊಳ್ಳುತ್ತೇನೆ. ಬರುವ ತಿಂಗಳೇ ಹೊರಡಿ."

"ದೇವರು ದೊಡ್ಡವನು," ಲೂರ್ಡ್ಸ್ ಬಾಯಿ ಮೆರ್ಲಿನಳ ಬೆನ್ನು ತಟ್ಟಿದರು. "ನೋಡು, ನೀನು ಸರಿಯಾದ ಫ್ಯಾನ್ ತಂದಿದ್ದರೆ ಇದೆಲ್ಲ ಆಗುತ್ತಿತ್ತಾ?"

ಸಿಮೋನ್ ಕೈಯ ಗ್ರೀಸನ್ನು ಪಂಚೆಗೆ ಒರೆಸಿ, ಮ್ಯಾನೇಜರರ ಕೈ ಹಿಡಿದು ಕುಲುಕಿಯೂ ಆಗಿತ್ತು. ಮತ್ತೆ ಮಗಳ ಕಡೆ ತಿರುಗಿದರು. ಹೊನ್ನಯ್ಯ, ಮ್ಯಾನೇಜರ್, ಲೂರ್ಡ್ಸ್ ಬಾಯಿ ಎಲ್ಲರೂ ಅವಳನ್ನೇ ನೋಡುತ್ತಿದ್ದರು.

"ಹೋಗಬೇಡಿ ಪಪ್ಪಾ," ಎಂದಳು ಮೆರ್ಲಿನ್, ಎಲ್ಲರಿಗೂ ಕೇಳುವ ಹಾಗೆ.